ಹೊಳಿ ಯಾರ ಕಾರ್ಡ್ ನೋಡಿ ಬಂತ್ರಿ?

ಹೋದ ವರ್ಷ ಮಳೆಗಾಲದ ಕೊನೆಗೆ ಭೀಮಾ ಹೊಳೆ ದಂಡೆ ಮೀರಿ ಬಂದಿತ್ತಲ್ಲ, ಆಗ ನಡೆದ ಸಂಗತಿ ಇದು. ನಾನು ಇಂಡಿ ತಾಲೂಕಿನ ಒಂದು ಹಳ್ಳಿಯ ಗ್ರಾಮ ಪಂಚಾಯಿತಿ ಸದಸ್ಯೆ. ತವರು ಬಸವನ ಬಾಗೇವಾಡಿ ತಾಲೂಕಿನ ಗೊಳಸಂಗಿ. ಮದುವೆಯಾಗಿ ಬಂದ ಮೇಲೆ ನನ್ನ ಕೆಲಸವೆಲ್ಲ ನಮ್ಮ ಹಿಟ್ಟಿನ ಗಿರಣಿಯಲ್ಲಿ. ಬೆಳಗಾದರೆ ಜೋಳ, ಗೋಧಿ ಬೀಸುವುದು, ಸಂಜೆಗೆ ತಲೆ ಮೇಲಿನ ಹಿಟ್ಟು ಕೊಡವಿಕೊಂಡು ಮನೆಗೆ ಹೋಗುವುದು. ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾದಾಗ, ನಿಲ್ಲಬೇಕೆಂದಿದ್ದ ನಮ್ಮ ಮನೆಯವರ ಬದಲು ನನ್ನನ್ನು ನಿಲ್ಲಿಸಿದರು. ಗೆದ್ದೆ. ಗೆದ್ದರೂ ನನ್ನ ದಿನಚರಿ ಏನೂ ಬದಲಾಗಲಿಲ್ಲ. ಮೀಟಿಂಗ್ ಇದ್ದರೆ ಹೋಗಿ ಸಹಿ ಮಾಡಿ, ಚಹಾ ಕುಡಿದು ಬರುತ್ತಿದ್ದೆ. ಮಾತೆಲ್ಲ ನಮ್ಮ ಮನೆಯವರದು. ಊರಲ್ಲಿ ಮೆಂಬರ್ ಅಂದರೆ ಅವರೇ. ನನಗೂ ಅದರಿಂದ ಬೇಸರ ಇರಲಿಲ್ಲ. ನಾಲ್ಕು ಜನರ ಮುಂದೆ ನಿಂತು ಮಾತಾಡಿದವಳೇ ಅಲ್ಲ ನಾನು.

ಹೊಳೆಯ ದಂಡೆಗೆ ನಮ್ಮ ವಾರ್ಡಿಗೇ ಸೇರಿದ ಒಂದು ವಸ್ತಿ ಇದೆ. ಕೂಲಿ ಮಾಡುವವರು, ಕುರಿ ಸಾಕುವವರು, ತುಂಡು ಹೊಲ ಇದ್ದವರು ಇರುವ ಜಾಗ. ಮಹಾರಾಷ್ಟ್ರದ ಕಡೆ ಮಳೆ ಜೋರಾಗಿ ಮೇಲಿನ ಡ್ಯಾಮಿನಿಂದ ನೀರು ಬಿಟ್ಟಾಗ ಆ ವಸ್ತಿಯವರೆಲ್ಲ ದನಕರು ಹೊಡೆದುಕೊಂಡು ನಮ್ಮೂರಿಗೆ ಬಂದರು. ದೇವರ ದಯೆ, ಯಾರ ಜೀವವೂ ಹೋಗಲಿಲ್ಲ. ಆದರೆ ಮಣ್ಣಿನ ಗೋಡೆಗಳು ಒಂದೊಂದಾಗಿ ಕುಸಿದವು. ಆ ತಿಂಗಳ ರೇಶನ್ ಅಕ್ಕಿಯನ್ನು ಆಗಷ್ಟೇ ತಂದಿಟ್ಟಿದ್ದರು, ಅದು ತೇಲಿಹೋಯಿತು. ನೆಲದೊಳಗಿನ ಹಗೇವುಗಳಲ್ಲಿ ಕೂಡಿಟ್ಟಿದ್ದ ಜೋಳಕ್ಕೆ ನೀರು ನುಗ್ಗಿ ಮೊಳಕೆ ಬಂದು ನಾರತೊಡಗಿತು.

ನಮ್ಮೂರ ಶಾಲೆಯಲ್ಲಿ ಸರ್ಕಾರದವರು ಗಂಜಿ ಕೇಂದ್ರ ತೆರೆದರು. ಎರಡು ಹೊತ್ತು ಅನ್ನ, ಸಾರು. ನೀರು ಇಳಿದ ಮೇಲೆ ಶಾಲೆ ಶುರುವಾಗಬೇಕಾಗಿತ್ತು. ಅದಕ್ಕೆ ಊರ ಹೊರಗೆ ದನ ಮೇಯುವ ಗಾಯರಾಣದಲ್ಲಿ ತಗಡಿನ ಶೆಡ್ಡು ಹಾಕಿಸಿ ಎಲ್ಲರನ್ನೂ ಅಲ್ಲಿಗೆ ಕಳಿಸಿದರು. ಅಡುಗೆಯೂ ಅಲ್ಲಿಗೇ ಹೋಯಿತು.

ಒಂದು ದಿನ ಮಧ್ಯಾಹ್ನ ರತ್ನವ್ವ ಗಿರಣಿಗೆ ಬಂದಳು. ಅದೇ ವಸ್ತಿಯವಳು, ನನಗಿಂತ ಹಿರಿಯಳು. ಹೊಳೆ ಬರುವ ಮೊದಲು ವಾರಕ್ಕೊಮ್ಮೆ ಜೋಳದ ಡಬ್ಬಿ ಹೊತ್ತು ಬರುತ್ತಿದ್ದಳು. ಆಕೆ ಬಂದರೆ ಗಿರಣಿಯ ಸದ್ದಿಗಿಂತ ಆಕೆಯ ದನಿಯೇ ದೊಡ್ಡದು. ಅವತ್ತು ಕೈಯಲ್ಲಿ ಡಬ್ಬಿ ಇರಲಿಲ್ಲ, ದನಿಯೂ ಇರಲಿಲ್ಲ. ನಾನು ಗಿರಣಿ ನಿಲ್ಲಿಸಿದೆ.

"ಯಾಕ ರತ್ನವ್ವಕ್ಕಾ, ಮೈಯಾಗ ಆರಾಮಿಲ್ಲೇನ?"

"ನಾ ಆರಾಮ ಅದೇನಿ ತಂಗಿ. ನಾಡಿದ್ದಿಂದ ಅಡಗಿ ಬಂದ್ ಅಂತ. ಅಡಗಿ ಮಾಡೋರು ಹೇಳ್ಯಾರ. ದಿವ್ಸ ಮುಗದಾವಂತ."

"ಮತ್ತ ಮುಂದ?"

"ಅದನ್ನ ಕೇಳಾಕ ನಿನ್ನ ಹಂತೇಕ ಬಂದೇನಿ. ರೇಶನ್ ಬರೂದು ಬರೂ ತಿಂಗಳ. ಹೊಲದಾಗ ಮೊಣಕಾಲ ಮಟ ರಾಡಿ, ಯಾರೂ ಕೂಲಿಗೆ ಕರ್ಯಾಂಗಿಲ್ಲ. ಅಲ್ಲೀತನಾ ಏನ ತಿನ್ನೂದು?" ಅಂದವಳು ಸ್ವಲ್ಪ ತಡೆದು, "ಸಕ್ಕೂಬಾಯಿ ಮಂದೀಗಿ ಅದೂ ಇಲ್ಲ. ಅವರ ಕಾರ್ಡ್ ಮಹಾರಾಷ್ಟ್ರದಾಗೈತಿ" ಅಂದಳು.

ಸಕ್ಕೂಬಾಯಿ ಅಂದರೆ ಹೊಳೆಯ ಆಚೆ ಕಡೆಯಿಂದ ಕಬ್ಬು ಕಡಿಯಲು ಬಂದು ವಸ್ತಿಯಲ್ಲೇ ಗುಡಿಸಲು ಹಾಕಿಕೊಂಡು ಉಳಿದವಳು. ಗಂಡ, ಅತ್ತೆ, ಸಣ್ಣ ಮಕ್ಕಳು ಇದ್ದರು. ನಮ್ಮೂರ ಕೆಲವರು, ಈ ಊರಿನ ಕಾರ್ಡ್ ಇಲ್ಲದವರಿಗೆ ಶೆಡ್ಡಿನಲ್ಲಿ ಊಟ ಯಾಕೆ ಅಂತ ಆಗಲೇ ಗೊಣಗುತ್ತಿದ್ದರಂತೆ.

ನಾನು ರೂಢಿಯಂತೆ, "ಮನಿಯವ್ರು ಬರ್ಲಿ ಅಕ್ಕಾ, ಹೇಳ್ತೇನಿ" ಅಂದೆ.

ರತ್ನವ್ವ ನನ್ನನ್ನೇ ನೋಡಿದಳು. "ನಾವು ಓಟ್ ಹಾಕಿದ್ದು ನಿನಗ" ಅಂದಳು. ಸಿಟ್ಟಿನಿಂದ ಹೇಳಲಿಲ್ಲ. ಗಿರಣಿಗೆ ಬಂದವರು ಹಿಟ್ಟು ಸಣ್ಣಗೆ ಬೀಸು ಅಂತ ಹೇಳುತ್ತಾರಲ್ಲ, ಹಾಗೆ ಹೇಳಿದಳು. ಆದರೂ ಆ ಮಾತು ನನಗೆ ಚುಚ್ಚಿತು. ಆಕೆ ಹೋದ ಮೇಲೆ ಎಷ್ಟೋ ಹೊತ್ತು ಗಿರಣಿ ಚಾಲೂ ಮಾಡಲು ಮನಸ್ಸಾಗಲಿಲ್ಲ.

ಮನೆಯವರು ಬಂದಾಗ ಹೇಳಿದೆ. ಅವರು ತಲೆ ಕೆರೆದುಕೊಂಡರು. "ಇದು ಪಂಚಾಯ್ತಿ ಕೈಯಾಗ ಇಲ್ಲ. ನಾಳೆ ಶಾಸಕರು ಇಂಡಿಗೆ ಬರ್ತಾರಂತ, ಪ್ರವಾಸಿ ಮಂದಿರದಾಗ ಇರ್ತಾರ. ನಾ ಹೋಗಿ ಹೇಳಿ ಬರ್ತೇನಿ."

"ನಾನೂ ಬರ್ತೇನ್ರಿ" ಅಂದೆ. "ಶೆಡ್ಡಿನ ಹೆಣ್ಮಕ್ಕಳೂ ಬರ್ಲಿ."

ಅವರು ನನ್ನನ್ನು ಒಂದು ಥರ ನೋಡಿದರು. ಬೇಡ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದೆವು. ಶೆಡ್ಡಿನಿಂದ ಬಂದ ಹೆಂಗಸರ ಮೈಮೇಲೆಲ್ಲ ಯಾರ್‍ಯಾರೋ ದಾನ ಕೊಟ್ಟ ಸೀರೆ. ಸಕ್ಕೂಬಾಯಿಗೆ ಜರಿಯಂಚಿನ ಹಸಿರು ಸೀರೆ ಸಿಕ್ಕಿತ್ತು, ಯಾರದೋ ಮದುವೆಯಲ್ಲಿ ಆಯೇರಿ ಉಡುಗೊರೆಯಾಗಿ ಬಂದದ್ದಿರಬೇಕು, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. "ಎಲ್ಲಿ ಮದುವೆ ಐತಿ ಬಾಯಿ?" ಅಂತ ಕಂಡಕ್ಟರ್ ಚೇಷ್ಟೆ ಮಾಡಿದ. ಅವಳಿಗೆ ಕನ್ನಡ ಅರ್ಧಂಬರ್ಧ. ರತ್ನವ್ವನೇ, "ಶಾಸಕರ ಮನಿಗೆ ಬೀಗರಾಗಿ ಹೊಂಟೇವಿ" ಅಂದಳು. ಬಸ್ಸಿನವರೆಲ್ಲ ನಕ್ಕರು. ದಾರಿಯುದ್ದಕ್ಕೂ ರತ್ನವ್ವ ನನ್ನ ಪಕ್ಕ ಕೂತು ಯಾವ ಮನೆಯಲ್ಲಿ ಯಾರಿಗೆ ಏನಾಗಿದೆ ಅಂತ ಹೇಳುತ್ತಾ ಬಂದಳು. ಈಗಿನ ಎರಡು ಹೊತ್ತಿನ ಊಟದಲ್ಲೇ ಹಾಲೂಡಿಸುವ ಬಾಣಂತಿಗೆ ಹಾಲು ಸಾಲುತ್ತಿಲ್ಲ. ಸಕ್ಕರೆ ಕಾಯಿಲೆಯ ಮುದುಕನೊಬ್ಬ ಹೊಳೆ ಬಂದ ದಿನ ಊಟವಿಲ್ಲದೆ ಗುಳಿಗೆ ನುಂಗಿ ತಲೆ ತಿರುಗಿ ಬಿದ್ದಿದ್ದ. ನಾನು ಹೂಂಗುಟ್ಟುತ್ತಾ ಕೇಳಿದೆ. ನಮ್ಮ ಮನೆಯವರು ಮುಂದಿನ ಸೀಟಿನಲ್ಲಿ ಕೂತು ಶಾಸಕರಿಗೆ ಹೇಳುವುದನ್ನು ಬಾಯಲ್ಲೇ ಗುನುಗಿಕೊಳ್ಳುತ್ತಿದ್ದರು.

ಪ್ರವಾಸಿ ಮಂದಿರದ ಮುಂದೆ ಜಾತ್ರೆಯಷ್ಟು ಜನ. ಹಾರ ಹಿಡಿದವರು, ಶಾಲು ಹಿಡಿದವರು, ವರ್ಗಾವಣೆ ಕೇಳಲು ಬಂದವರು. ಬಾಗಿಲಲ್ಲಿ ನಿಂತಿದ್ದ ಒಬ್ಬರು, "ಮನವಿ ಇದ್ರ ಕೊಟ್ಟು ಹೋಗ್ರಿ, ಸಾಹೇಬ್ರಿಗಿ ಟೈಮಿಲ್ಲ" ಅಂದರು. ರತ್ನವ್ವ ಕೇಳಲಿಲ್ಲ. ಕಟ್ಟೆಯ ಮೇಲೆ ಕಾಲು ಚಾಚಿ ಕೂತೇಬಿಟ್ಟಳು. ಉಳಿದವರೂ ಕೂತರು. ನಾನು ಮಾತ್ರ ಬೆವರುತ್ತಾ ನಿಂತೆ.

ಬಿಸಿಲೇರಿದ ಮೇಲೆ ಶಾಸಕರು ಹೊರಗೆ ಬಂದರು. ಕಾರಿನ ಕಡೆ ಹೊರಟವರು ಇಷ್ಟೊಂದು ಹೆಂಗಸರನ್ನು ಕಂಡು ನಿಂತರು.

"ಏನ್ರವಾ, ಯಾವೂರವ್ರು?"

ರತ್ನವ್ವ ಊರ ಹೆಸರು ಹೇಳಿದಳು.

"ನಿಮ್ಮ ಮೆಂಬರ್ ಯಾರ್ ಬಂದಾರ?"

ಎಲ್ಲರ ಕಣ್ಣೂ ನಮ್ಮ ಮನೆಯವರ ಕಡೆ ಹೋದವು. ನನ್ನ ಕಣ್ಣೂ ಹೋಯಿತು. ಅವರು ಒಂದು ಹೆಜ್ಜೆ ಮುಂದೆ ಬಂದರು, ಕೈ ಮುಗಿದರು. ಆಮೇಲೆ ಏನಾಯಿತೋ, ಹಿಂದೆ ಸರಿದು ನನ್ನ ಕಡೆ ಕೈ ತೋರಿಸಿದರು.

"ಆಕೀನ ಮೆಂಬರ್ರಿ. ನಾ ಆಕಿ ಗಂಡ."

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಶಾಸಕರು ನನ್ನ ಮುಖ ನೋಡುತ್ತಾ ನಿಂತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಾಯಿ ತೆರೆದೆ. ಬಂದ ಮೊದಲ ಮಾತು ಹೀಗಿತ್ತು:

"ಸಾಹೇಬ್ರ, ನೀವೂ ಆರಿಸಿ ಬಂದವ್ರು, ನಾನೂ ಆರಿಸಿ ಬಂದಾಕಿ."

ಮತ್ತೆ ನಗು. ಹಿಂದಿನಿಂದ ಯಾರೋ ಸಿಳ್ಳೆಯನ್ನೂ ಹಾಕಿದರು. ಶಾಸಕರು ನಗಲಿಲ್ಲ. "ಹೌದವಾ, ಖರೆ. ಹೇಳು" ಅಂದರು.

ಅವರು ನಗದೇ ಇದ್ದದ್ದೇ ನನಗೆ ಧೈರ್ಯವಾಯಿತು. "ಓಟ್ ಕೇಳಾಕ ಹೋದಾಗ ಇಬ್ರೂ ಇವರ ಹೊಸ್ತಿಲ ಮುಂದ ನಿಂತಿದ್ದಿವಿ. ಈಗ ಆ ಹೊಸ್ತಿಲಾನ ಹೊಳ್ಯಾಗ ಹೋಗೈತ್ರಿ. ನಮ್ಮದು ಗಿರಣಿ. ಈ ಅಕ್ಕಗಳು ವಾರಾ ಜ್ವಾಳ ತರ್ತಿದ್ರು. ಹೊಳಿ ಬಂದಾಗಿಂದ ಒಬ್ರೂ ಬಂದಿಲ್ಲ, ಬೀಸಾಕ ಕಾಳಿಲ್ರಿ. ನಾಳಿಂದ ಅಡಗಿ ಬಂದ್ ಅಂತ ಹೇಳ್ಯಾರ. ಬಾಣಂತಿ ಅದಾಳ, ಮುದುಕರು ಅದಾರ. ರೇಶನ್ ಬರೂತನಾ ಅಡಗಿ ನಿಲ್ಲಿಸಬ್ಯಾಡ್ರಿ. ನೀರಾಗ ಹೋದ ರೇಶನ್ನೂ ಮತ್ತ ಕೊಡಸ್ರಿ." ಒಂದೇ ಉಸಿರಿನಲ್ಲಿ ಹೇಳಿದೆ. ಕಾಲು ನಡುಗುತ್ತಿದ್ದವು.

ಶಾಸಕರು ಅಲ್ಲೇ ನಿಂತು ಯಾರಿಗೋ ಫೋನ್ ಮಾಡಿದರು. ಆ ಕಡೆಯವರ ಮಾತು ಕೇಳಿ, "ಅಡಗಿ ಇಷ್ಟ ದಿವ್ಸ ಅಂತ ನಿಯಮ ಐತಂತವಾ. ಅದು ಮುಗದೈತಿ ಅಂತಾರ" ಅಂದರು.

"ಹಸಿವು ಮುಗದಿಲ್ಲಲ್ರಿ" ಅಂದೆ. ಅದು ಹೇಗೆ ಬಾಯಿಗೆ ಬಂತೋ ಇವತ್ತಿಗೂ ತಿಳಿದಿಲ್ಲ.

ಅಷ್ಟರಲ್ಲಿ ಪಕ್ಕದಲ್ಲಿದ್ದ ಒಬ್ಬರು ಶಾಸಕರ ಕಿವಿಯ ಹತ್ತಿರ ಬಗ್ಗಿ, "ಸಾಹೇಬ್ರ, ಅದ್ರಾಗ ಹೊರಗಿನ ಮಂದಿನೂ ಅದಾರ, ಇಲ್ಲಿ ಕಾರ್ಡಿಲ್ಲ" ಅಂದರು. ಸಕ್ಕೂಬಾಯಿಗೆ ಅದು ಅರ್ಥವಾಯಿತು ಅಂತ ಕಾಣುತ್ತದೆ, ಜರಿಯ ಸೆರಗು ಮುಖಕ್ಕೆಳೆದುಕೊಂಡಳು. ರತ್ನವ್ವ ಕಟ್ಟೆಯಿಂದ ಎದ್ದಳು. ಗಿರಣಿಯ ಸದ್ದು ಮೀರಿಸುವ ಆ ದನಿ ಮರಳಿ ಬಂದಿತ್ತು.

"ಹೊಳಿ ಯಾರ ಕಾರ್ಡ್ ನೋಡಿ ಬಂತ್ರಿ? ಈಕಿ ಗುಡಿಸಲಾನೂ ಒಯ್ತು, ನನ್ನ ಮನೀನೂ ಒಯ್ತು. ಈಕಿ ಮಕ್ಕಳಿಗಿ ಕೂಳಿಲ್ಲಂದ್ರ ನಮಗೂ ಬ್ಯಾಡ ಬಿಡ್ರಿ!"

 ಶಾಸಕರು ಫೋನನ್ನು ಕಿಸೆಗೆ ಇಳಿಸಿದರು. ಆಮೇಲೆ, "ನಾ ಸುಳ್ಳ ಮಾತು ಕೊಡೂದಿಲ್ಲವಾ. ಮ್ಯಾಲಿನವ್ರ ಕೂಡ ಮಾತಾಡಬೇಕು. ಮಾತಾಡ್ತೇನಿ" ಅಂತ ಹೇಳಿ ಕಾರು ಹತ್ತಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಮನೆಯವರನ್ನು ಕೇಳಿದೆ, "ಯಾಕ್ರಿ ಹಂಗ ಮಾಡಿದ್ರಿ? ನನ್ನ ಮರ್ಯಾದಿ ಹೋತು."

ಅವರು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು: "ಬರೂ ಮುಂದ ರತ್ನವ್ವ ಎಲ್ಲಾ ನಿನ್ನ ಮುಂದ ಹೇಳಿದ್ಲು, ನನ್ನ ಮುಂದ ಹೇಳಲಿಲ್ಲ. ಅವರ ಒಲಿ ಸುದ್ದಿ ನನಗೇನ ಗೊತ್ತೈತಿ? ನಾ ಹೇಳಿದ್ರ ಬರೇ ಭಾಷಣ ಆಗ್ತಿತ್ತು." ಮದುವೆಯಾಗಿ ಇಷ್ಟು ವರ್ಷವಾದರೂ ಅವರ ಬಾಯಿಂದ ಅಂಥ ಮಾತನ್ನು ಕೇಳಿರಲಿಲ್ಲ. ನಾನೂ ಕಿಟಕಿಯ ಹೊರಗೆ ನೋಡಿದೆ.

ಮರುದಿನ ಹೇಳಿದ ಹಾಗೆಯೇ ಶೆಡ್ಡಿನ ಒಲೆ ಹೊತ್ತಲಿಲ್ಲ. ಅಡುಗೆಯವರು ಬರಲೇ ಇಲ್ಲ.  ಗಿರಣಿಗೆ ಬಂದವರಿಗೆಲ್ಲ ಸುಮ್ಮನೆ ಸುದ್ದಿ ಹೇಳಿದೆ. ಅಷ್ಟೇ ಸಾಕಾಯಿತು. ಒಬ್ಬಾಕೆ ತನ್ನ ಹಿಟ್ಟಿನಲ್ಲಿ ಒಂದಿಷ್ಟು ತೆಗೆದಿಟ್ಟು ಹೋದಳು. ಅದನ್ನು ನೋಡಿ ಇನ್ನೊಬ್ಬಾಕೆ. ಗೊಣಗುತ್ತಿದ್ದವರ ಮನೆಯಿಂದಲೂ ರೊಟ್ಟಿ, ಪುಂಡಿಪಲ್ಯ ಬಂತು. ಬುಟ್ಟಿ ಹೊತ್ತುಕೊಂಡು ಶೆಡ್ಡಿಗೆ ಹೋದೆವು. ರತ್ನವ್ವ ರೊಟ್ಟಿ ಹಂಚುತ್ತಾ, "ಇದು ಇವತ್ತಿಗಾತು ತಂಗಿ. ಊರು ದಿನಾ ಹೊರಾಕ ಆಗ್ತೈತೇನು?" ಅಂದಳು. ಆಗುವುದಿಲ್ಲ ಅಂತ ನನಗೂ ಗೊತ್ತಿತ್ತು.

ನಾವು ಇನ್ನೂ ಅಲ್ಲಿಯೇ ಇದ್ದೆವು, ಗಾಯರಾಣದ ರಾಡಿಯಲ್ಲಿ ಒಂದು ಟೆಂಪೊ ಗುರ್ರೆನ್ನುತ್ತಾ ಬಂತು. ಚಕ್ರ ಹೂತು ನಿಂತಿತು. ಒಳಗೆ ಅಕ್ಕಿ, ಬೇಳೆ, ಎಣ್ಣೆ. ಅದರ ಹಿಂದೆಯೇ ಅಡುಗೆಯವರು. ಜೊತೆಗೆ ಬಂದ ಅಧಿಕಾರಿ ಇಳಿದು, "ಮೆಂಬರ್ ಯಾರ್ರಿ ಇಲ್ಲೆ? ಶಾಸಕರು ಮಾತಾಡ್ಯಾರಂತ, ರೇಶನ್ ಬರೂತನಾ ಅಡಗಿ ನಡಸ್ರಿ ಅಂತ ಮ್ಯಾಲಿನವ್ರು ಹೇಳ್ಯಾರ" ಅಂದರು. ಸಕ್ಕೂಬಾಯಿಯ ಮಂದಿ ಹೇಗೆ ಅಂತ ಕೇಳಿದೆ. "ಶೆಡ್ಡಿನ್ಯಾಗ ಇದ್ದವರಿಗೆಲ್ಲ" ಅಂದರು. ಗಂಡಸರು, ಹೆಂಗಸರು ಸೇರಿ ಟೆಂಪೊ ನೂಕಿದರು. ರಾಡಿ ಎಲ್ಲರ ಮುಖಕ್ಕೂ ಸಿಡಿಯಿತು. ಸಕ್ಕೂಬಾಯಿಯ ಜರಿ ಸೀರೆಗೂ ಸಿಡಿಯಿತು. ಅವಳು ಅದನ್ನು ನೋಡಿಕೊಂಡು ನಗುತ್ತಿದ್ದಳು. ಅವಳು ನಕ್ಕಿದ್ದನ್ನು ನಾನು ಮೊದಲ ಸಲ ಕಂಡದ್ದು ಅಲ್ಲಿಯೇ.

ನೀರಲ್ಲಿ ಹೋದ ರೇಶನ್ ತಡವಾಗಿಯಾದರೂ ಬಂತು. ಮನೆಗಳು ಇನ್ನೂ ಪೂರ್ತಿ ಆಗಿಲ್ಲ, ಕೆಲವರು ಇವತ್ತಿಗೂ ತಗಡಿನ ಕೆಳಗೇ ಇದ್ದಾರೆ. ಅದಕ್ಕಾಗಿ ಓಡಾಡುತ್ತಿದ್ದೇನೆ. ಈಗ ಮೀಟಿಂಗಿಗೆ ನಾನು ಹೋದರೆ ಗಿರಣಿಯನ್ನು ನಮ್ಮ ಮನೆಯವರು ನೋಡಿಕೊಳ್ಳುತ್ತಾರೆ. ಹಿಟ್ಟು ದಪ್ಪ ಬೀಸುತ್ತಾರೆ ಅಂತ ಹೆಂಗಸರು ನನ್ನ ಹತ್ತಿರ ತಕರಾರು ಹೇಳುತ್ತಾರೆ.

ಇದನ್ನು ಓದುವವರಲ್ಲಿ ನನ್ನ ಹಾಗೆ ಆರಿಸಿ ಬಂದವರು ಇದ್ದರೆ ಅವರಿಗೊಂದು ವಿನಂತಿ. ಪಂಚಾಯಿತಿಯಲ್ಲಿರಲಿ, ದೊಡ್ಡ ಸಭೆಯಲ್ಲಿರಲಿ, ಬಡವರ ಅನ್ನದ ಮೇಲೆ ಗೆರೆ ಎಳೆಯುವ ಮಾತು ಬಂದಾಗ ಸುಮ್ಮನೆ ಕೂರಬೇಡಿ. ದಿಕ್ಕಿಲ್ಲದೆ ಬಂದವರು ಎಲ್ಲಿಯವರು ಅಂತ ಆಮೇಲೆ ಕೇಳೋಣ, ಉಂಡಿದ್ದಾರಾ ಅಂತ ಮೊದಲು ಕೇಳೋಣ. ಮಾತಾಡಲು ಬರುವುದಿಲ್ಲ ಅಂತ ಹಿಂಜರಿಯಬೇಡಿ, ನನಗೂ ಬರುತ್ತಿರಲಿಲ್ಲ. ಮೊನ್ನೆ ಅಂಗನವಾಡಿಯ ಆಹಾರ ತಡವಾಗುತ್ತಿದೆ ಅಂತ ಹೇಳಲು ಸಭೆಯಲ್ಲಿ ಎದ್ದು ನಿಂತೆ. ಕೂತ್ಕೊಳ್ರಿ ಅಂದರು. ಕಾಲು ಈಗಲೂ ನಡುಗುತ್ತವೆ. ನಡುಗಲಿ ಬಿಡಿ, ಹೇಳುವುದು ಮುಗಿಯುವತನಕ ನಾನು ಕೂರಲಿಲ್ಲ.