ಯಾರೂ ಹಿಡಿಯದೆ ನಿಲ್ಲುವ ಗಾಡಿ

ಕಳೆದ ವಾರ ಹೊಸಪೇಟೆಯ ಬೈಪಾಸಿನ ಪಕ್ಕ ನಡೆದು ಹೋಗುತ್ತಿದ್ದೆ. ಹೊಸದಾಗಿ ಕಟ್ಟುತ್ತಿದ್ದ ಹೋಟೆಲೊಂದರ ಅಂಗಳದಲ್ಲಿ ತಂದೂರಿ ಭಟ್ಟಿಗೆ ಮೊದಲ ಬೆಂಕಿ ಹಾಕಿದ್ದರು. ಒಳಮೈಗೆ ಸವರಿದ ಬೆಲ್ಲ, ಎಣ್ಣೆ ಸುಡುವ ವಾಸನೆ. ಅದರ ಹಿಂದೆಯೇ ಹಸಿ ಮಣ್ಣು ಬೇಯುವ ವಾಸನೆ... ನಾನು ಅಲ್ಲಿಯೇ ನಿಂತುಬಿಟ್ಟೆ. ಇಷ್ಟು ವರ್ಷಗಳ ಮೇಲೂ ಆ ವಾಸನೆಗೆ ನನಗೆ ಹಸಿವಾಗುವುದಿಲ್ಲ, ಹೆದರಿಕೆಯಾಗುತ್ತದೆ. ಹೆದರಿಕೆಯ ಹಿಂದೆ ಅಕ್ಕ ನೆನಪಾಗುತ್ತಾಳೆ.

ಆಕೆ ನನ್ನ ಒಡಹುಟ್ಟಿದವಳಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಸಂಡೂರು ಕಡೆಗೆ ಹೋಗುವ ರಸ್ತೆಯಲ್ಲಿ, ಕಾಲುವೆಯ ಸೇತುವೆ ಹತ್ತಿರ ನನ್ನದೊಂದು ಸಣ್ಣ ವೆಲ್ಡಿಂಗ್ ಶಾಪ್ ಇತ್ತು. ರಸ್ತೆಯ ಆಚೆ ಬದಿಗೆ ಗಂಡ ಹೆಂಡತಿ ಇಬ್ಬರೇ ನಡೆಸುತ್ತಿದ್ದ ರೊಟ್ಟಿ ಅಂಗಡಿ. ಹೆಂಡತಿಯನ್ನು ಅಕ್ಕ, ಗಂಡನನ್ನು ಮಾವ ಎಂದು ಕರೆಯುತ್ತಿದ್ದೆ. ಆತ ಹಿಂದೆ ಅದಿರು ಲಾರಿಯ ಡ್ರೈವರ್. ಬೆನ್ನು ನೋವು ಹೆಚ್ಚಾಗಿ ಲಾರಿ ಬಿಟ್ಟಾಗ, ಉತ್ತರದ ಕಡೆಯ ಡ್ರೈವರುಗಳಿಂದ ಕಲಿತಿದ್ದ ತಂದೂರಿ ರೊಟ್ಟಿಯನ್ನೇ ಬದುಕಿಗೆ ಆಧಾರ ಮಾಡಿಕೊಂಡ. ಅಕ್ಕ ಎಮ್ಮಿಗನೂರಿನ ಭತ್ತದ ಗದ್ದೆಗಳ ನಡುವೆ ಬೆಳೆದವಳು. ಜೋಳದ ರೊಟ್ಟಿ ಬಡಿದು ರೂಢಿಯಾದ ಆಕೆಯ ಕೈಗೆ ಭಟ್ಟಿಯ ಕೆಲಸ ಬೇಗ ಹತ್ತಿತ್ತು.

ಭಟ್ಟಿ ಎಂದರೆ ತೊಡೆಯೆತ್ತರದ, ದಪ್ಪ ಗೋಡೆಯ ಮಣ್ಣಿನ ಹರವಿ, ದೊಡ್ಡ ಮಡಕೆ. ಅದನ್ನು ಕಬ್ಬಿಣದ ಡ್ರಮ್ಮಿನೊಳಗೆ ಇಳಿಸಿ, ಸುತ್ತಲೂ ಕಂಪ್ಲಿ ಕಡೆಯ ಅಕ್ಕಿ ಗಿರಣಿಯಿಂದ ತಂದ ಉಮಿಯ ಬೂದಿ ತುಂಬಿದ್ದರು. ನಾಲ್ಕು ಗಟ್ಟಿ ಆಳುಗಳಿಲ್ಲದೆ ಅಲುಗುತ್ತಿರಲಿಲ್ಲ. ಅಂಗಡಿ ಹಾಕಿದಾಗ ಅದನ್ನು ಅರ್ಧ ನೆಲದಲ್ಲಿ ಹೂತು, ಬಾಯಿಯ ಪಕ್ಕ ಕುಳಿತು ರೊಟ್ಟಿ ಮಾಡುತ್ತಿದ್ದರು. ಆಮೇಲೆ ಲಾರಿಗಳ ಓಡಾಟ ಹೆಚ್ಚಿತು. ರಸ್ತೆಯ ಅಂಚಿನಲ್ಲಿ ನೆಲಕ್ಕೆ ಹೂತದ್ದು ಯಾವುದೂ ಇರಕೂಡದು, ಇದ್ದರೆ ಚಕ್ರದ ಮೇಲಿರಬೇಕು, ತೆಗೆಯಿರಿ ಎಂದ ಕೂಡಲೇ ತೆಗೆಯಬೇಕು ಎಂದು ಪೊಲೀಸರಿಂದ ಅಪ್ಪಣೆಯಾಯಿತು.

ಮಾವ ತರಕಾರಿ ಮಾರುವವರ ತಳ್ಳುಗಾಡಿಯೊಂದನ್ನು ತಂದು, ಹಲಗೆಯ ಮೇಲೆ ಭಟ್ಟಿ ಏರಿಸಿದ. ಸೈಕಲ್ ಚಕ್ರದ ಎತ್ತರದ ಗಾಡಿ, ಅದರ ಮೇಲೆ ಅಷ್ಟು ಭಾರ. ನೋಡಿದಾಗಲೇ ನನಗೆ ಸರಿ ಕಾಣಲಿಲ್ಲ. ಒಂದು ಮಧ್ಯಾಹ್ನ ಯಾರೋ ದೊಡ್ಡವರ ಕಾರು ಬರುತ್ತದೆಂದು ಪೊಲೀಸಿನವರು ಅವಸರ ಮಾಡಿದರು. ಒಳಗೆ ಕೆಂಡ ತುಂಬಿತ್ತು. ರಸ್ತೆಯಿಂದ ಮಣ್ಣಿಗೆ ಇಳಿಸುವಾಗ ಚಕ್ರವೊಂದು ಮುರಿದು ಗಾಡಿ ವಾಲಿತು. ಮಾವ ಹಿಂದೆ ಮುಂದೆ ನೋಡದೆ ಎರಡೂ ಕೈ ಚಾಚಿ ಡ್ರಮ್ಮನ್ನು ತಬ್ಬಿ ಹಿಡಿದ. ನಾನು ಓಡಿ ಹೋಗುವಷ್ಟರಲ್ಲಿ...

ಆಸ್ಪತ್ರೆಯಿಂದ ಬಂದ ಮೇಲೆ ಆತನ ಬಲಗೈ ಮೊಣಕೈಯಿಂದ ಪೂರ್ತಿ ಚಾಚುತ್ತಿರಲಿಲ್ಲ. ಎದೆಯ ಮೇಲಿನ ಚರ್ಮ ಎಳೆದು ಹೊಲಿದಂತೆ ಇತ್ತು. ಮಾತೂ ಕಡಿಮೆಯಾಯಿತು. ಪುಣ್ಯಕ್ಕೆ ಭಟ್ಟಿ ಒಡೆದಿರಲಿಲ್ಲ. ಅದನ್ನು ಮನೆಯ ಹಿಂದೆ ಹಾಕಿ ಗೋಣಿಚೀಲ ಹೊದಿಸಿದ್ದರು.

ಕೆಲವು ವಾರಗಳ ಮೇಲೆ ಅಕ್ಕ ನನ್ನ ಶಾಪಿಗೆ ಬಂದಳು. ಕೈಯಲ್ಲಿ ಕಸಬರಿಗೆಯ ಹಂಚಿಕಡ್ಡಿ. ನೆಲದ ಧೂಳಿನ ಮೇಲೆ ಗುಂಡಗೆ ಒಂದು ಗೆರೆ ಗೀಚಿ, ಅದರ ಸುತ್ತ ದೊಡ್ಡ ಚೌಕ ಎಳೆದಳು.

"ತಮ್ಮಾ, ಗಾಡಿ ಹಿಂಗ ಬೇಕು. ಚಕ್ರ ಸಣ್ಣವು ಇರ್ಲಿ, ಆದ್ರ ದೂರ ದೂರ ಇರ್ಲಿ. ಭಟ್ಟಿ ಚಕ್ರದ ನಡುವ ಇಳೀಬೇಕು. ಮ್ಯಾಲ ಕುಂದ್ರಬಾರದು."

"ಭಟ್ಟಿ ಬಾಯಿ ಭಾಳ ಕೆಳಗ ಆಗ್ತೈತಲ್ಲಕ್ಕ. ಬಗ್ಗಿ ಬಗ್ಗಿ ನಡ ಹೋಗ್ತೈತಿ."

"ನೆಲದಾಗ ಹೂತಾಗ ಕುಂತೇ ಮಾಡ್ತಿದ್ವಿ. ಈಗೂ ಕುಂತು ಮಾಡ್ತೀನಿ." ಕಡ್ಡಿಯನ್ನು ಚೌಕದ ನಡುವೆ ಊರಿ ಹೇಳಿದಳು. "ಯಾರೂ ಹಿಡೀದಿದ್ರೂ ನಿಲ್ಲಬೇಕು. ಹಿಡಿಯೋ ಹೊತ್ತೇ ಬರಬಾರದು. ಅಂಥಾದ್ದು ಮಾಡಿಕೊಡು."

ನಾನು ಹೂಂ ಎನ್ನಲಿಲ್ಲ. ನಾನು ಮಾಡಿದ ಗಾಡಿ ಉರುಳಿ ಆಕೆಯ ಮೇಲೆ ಕೆಂಡ ಬಿದ್ದರೆ? ಮರುದಿನ ಮಾವನೂ ಬಂದ. ಬಾಗಿಲಲ್ಲೇ ನಿಂತ.

"ಲೇ, ಅಕೀ ಕೇಳಿದ್ಲು ಅಂತ ಮಾಡಬ್ಯಾಡ. ಅಕೀ ಮೈ ಸುಟ್ರ ನಾ ಯಾರನ್ನ ಕೇಳ್ಲಿ?"

ಆದರೆ ಅಕ್ಕ ದಿನವೂ ಬರುತ್ತಿದ್ದಳು. ಬಂದು ಕೂಡುತ್ತಿದ್ದಳು, ಕೇಳುತ್ತಿರಲಿಲ್ಲ. ಒಂದು ದಿನ ಗುಜರಿಯಿಂದ ಹಳೇ ಸ್ಕೂಟರ್ ಚಕ್ರಗಳನ್ನು ತಾನೇ ತಲೆಯ ಮೇಲೆ ಹೊತ್ತು ತಂದಳು. ಅಂದು ಸಂಜೆ ನಾನು ಗಾಡಿಯ ಚೌಕಟ್ಟಿಗೆಂದು ಕಬ್ಬಿಣದ ಆಂಗ್ಲ್ ಪಟ್ಟಿ ಕತ್ತರಿಸಿದೆ.

ಮಾಡುವುದು ಸುಲಭವಿರಲಿಲ್ಲ. ಭಟ್ಟಿಯ ತಳ ನೆಲದಿಂದ ಒಂದು ಗೇಣಿನಷ್ಟೇ ಮೇಲಿರುವಂತೆ ಚೌಕಟ್ಟನ್ನು ಕೆಳಕ್ಕೆ ಇಳಿಸಿದೆ. ಅಲುಗಾಟಕ್ಕೆ ಹರವಿ ಬಿರುಕು ಬಿಡಬಾರದೆಂದು ಡ್ರಮ್ಮಿನ ಅಡಿಗೆ ಮರಳಿನ ದಪ್ಪ ಹಾಸು ಹಾಕಿದೆವು. ಆಮೇಲೆ ಅಕ್ಕ ಪರೀಕ್ಷೆ ಮಾಡಿಸಿದಳು. ಭಟ್ಟಿಯ ಬದಲು ಅಷ್ಟೇ ಭಾರದ ಅದಿರು ಕಲ್ಲು ತುಂಬಿದ ಡ್ರಮ್ಮು. ಒಂದು ಬದಿಯ ಎರಡು ಚಕ್ರಗಳ ಕೆಳಗೆ ಮರದ ತುಂಡು ಇಡುತ್ತ ಎತ್ತರಿಸುತ್ತ ಹೋಗಬೇಕು. ವಾಲಲು ತೊಡಗಿದಾಗ ಕೈ ಬಿಡಬೇಕು.

ಮೊದಲ ಸಲ ಅದು ದಢಕ್ಕನೆ ಉರುಳಿತು. ಕಲ್ಲುಗಳು ಶಾಪಿನ ತುಂಬ ಚೆಲ್ಲಿದವು. ಅಕ್ಕ ಕಲ್ಲುಗಳನ್ನು ಆರಿಸಿ ಡ್ರಮ್ಮಿಗೆ ಹಾಕುತ್ತ, "ಇನ್ನೂ ಅಗಲ ಮಾಡು" ಎಂದಳು. ಬೆಸುಗೆ ಬಿಚ್ಚಿ ಚಕ್ರದ ಅಚ್ಚುಗಳನ್ನು ಉದ್ದ ಮಾಡಿದೆ. ಮತ್ತೆ ಇಟ್ಟೆವು. ಗಾಡಿ ವಾಲಿತು, ತೂಗಾಡಿತು, ಮರಳಿ ನಿಂತಿತು. ಆಗಲೂ ಆಕೆ ನಗಲಿಲ್ಲ.

"ಕೆಂಡ ಇದ್ದಾಗ ವಾಲಿದ್ರೂ ಹಿಂಗ ಕೈ ಬಿಡಬೇಕು ನೀನು. ಮಾತು ಕೊಡು" ಎಂದಳು. ಕೊಟ್ಟೆ.

ಅಂಗಡಿ ಮತ್ತೆ ಶುರುವಾಯಿತು. ಮಾವ ಬರುತ್ತಿದ್ದ, ಆದರೆ ಭಟ್ಟಿಯಿಂದ ದೂರ, ತಟ್ಟೆ ತೊಳೆಯುವ ಕಲ್ಲಿನ ಹತ್ತಿರ ಕೂಡುತ್ತಿದ್ದ. ಗಾಡಿಯ ಕಡೆ ನೋಡುತ್ತಲೂ ಇರಲಿಲ್ಲ. ತಳ್ಳಬೇಕಾದಾಗ ನಾನು ರಸ್ತೆ ದಾಟಿ ಹೋಗುತ್ತಿದ್ದೆ.

ಕಾಲುವೆಗೆ ನೀರು ಬಿಟ್ಟ ದಿನಗಳು. ಊಟದ ಹೊತ್ತು ಮುಗಿಯುವ ಮೊದಲೇ ಗಾಡಿ ತೆಗೆಯಿರಿ ಎಂದು ಪೊಲೀಸಿನವನೊಬ್ಬ ಬಂದು ನಿಂತ. ಭಟ್ಟಿಯಲ್ಲಿ ಕೆಂಡ ನಿಗಿನಿಗಿ ಎನ್ನುತ್ತಿತ್ತು. ನಾನೂ ಅಕ್ಕನೂ ತಳ್ಳತೊಡಗಿದೆವು. ಸೇತುವೆ ಕಡೆಯಿಂದ ಅದಿರು ಲಾರಿಯೊಂದು ಹಾರ್ನ್ ಹೊಡೆಯುತ್ತ ಇಳಿಜಾರಿಗೆ ಬಂತು. ದಾರಿ ಬಿಡಲೆಂದು ಗಾಡಿಯನ್ನು ಅಂಚಿಗೆ ತಿರುಗಿಸಿದೆವು. ಕಾಲುವೆಯ ತೇವಕ್ಕೆ ಮಣ್ಣು ಮೆತ್ತಗಾಗಿತ್ತು. ಎಡಗಡೆಯ ಎರಡೂ ಚಕ್ರಗಳು ಒಮ್ಮೆಲೇ ಕುಸಿದವು.

ಗಾಡಿ ವಾಲಿತು. ಒಳಗೆ ಕೆಂಡ ಸರಿದ ಸದ್ದು ಕೇಳಿಸಿತು. ಬಾಯಿಂದ ಕಿಡಿ ಎದ್ದವು. ನಾನು ಹಿಡಿದಿದ್ದ ಬದಿ ಹಗುರಾಗುತ್ತಿರುವುದು ಕೈಗೆ ತಿಳಿಯಿತು.

ವಾಲಿದ ಬದಿಯಲ್ಲೇ ಮಾವ ಕುಳಿತಿದ್ದ. ಎದ್ದವನೇ ಎರಡೂ ಕೈ ಮುಂದೆ ಮಾಡಿಕೊಂಡು ಓಡಿ ಬಂದ. ಒಂದು ಕೈ ನೆಟ್ಟಗೆ, ಇನ್ನೊಂದು ಮಡಚಿಕೊಂಡೇ. ಆ ಹೆಜ್ಜೆಗಳು ಇಂದಿಗೂ ನನ್ನ ಕಣ್ಣಿನಿಂದ ಹೋಗಿಲ್ಲ. ಅಷ್ಟು ಅನುಭವಿಸಿದ ಮೇಲೂ ಆತ ಬೆಂಕಿಯ ಕಡೆಗೇ ಓಡಿ ಬರುತ್ತಿದ್ದ.

ಅಕ್ಕ ಹಿಡಿಕೆ ಬಿಟ್ಟಳು. ಸುತ್ತಿ ಬಂದು ಗಂಡನ ಎದೆಯ ಹತ್ತಿರ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ಹಿಂದಕ್ಕೆ ನೂಕಿದಳು.

"ಮುಟ್ಟಬ್ಯಾಡ್ರಿ. ನಿಲ್ತೈತಿ."

"ಬೀಳ್ತೈತಿ, ನನ್ನ ಬಿಡು."

"ನಿಲ್ತೈತಿ ಅಂದ್ನಲ್ಲ." ಗಾಡಿಗೆ ಬೆನ್ನು ಮಾಡಿ ನಿಂತಿದ್ದಳು ಆಕೆ. ನನ್ನ ಕಡೆ ತಿರುಗದೆಯೇ ಹೇಳಿದಳು: "ತಮ್ಮಾ, ಕೈ ಬಿಟ್ಟಿಯೋ ಇಲ್ಲೋ?"

ಬಿಡಲು ನನ್ನ ಬೆರಳು ಒಪ್ಪುತ್ತಿರಲಿಲ್ಲ. ಬಿಟ್ಟೆ.

ಗಾಡಿ ಇನ್ನೊಂದಿಷ್ಟು ವಾಲಿತು... ವಾಲಿ, ಮಣ್ಣಿನಲ್ಲಿ ಚೌಕಟ್ಟಿನ ಅಂಚು ಊರಿ ನಿಂತಿತು. ಮೂವರಲ್ಲಿ ಒಬ್ಬರ ಕೈಯೂ ಅದರ ಮೇಲಿರಲಿಲ್ಲ. ಲಾರಿ ಹಾದು ಹೋಯಿತು. ಕಾಲುವೆಯ ನೀರಿನ ಸದ್ದು ಮಾತ್ರ ಉಳಿಯಿತು.

ಅಕ್ಕನ ಮುಷ್ಟಿ ಮಾತ್ರ ಬಿಚ್ಚಿಕೊಳ್ಳಲಿಲ್ಲ. ಮಾವ ತನ್ನ ಸುಟ್ಟ ಕೈಯಿಂದಲೇ ಆಕೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. "ನಿಂತೈತಿ ನೋಡು" ಎಂದ, ಮಗುವಿಗೆ ಹೇಳುವ ಹಾಗೆ. ಆಕೆ ಆಗ ತಿರುಗಿ ನೋಡಿದಳು. ಬಹಳ ಹೊತ್ತು ನೋಡಿ, ಕಣ್ಣೊರೆಸಿಕೊಂಡು, "ತಮ್ಮಾ, ಇನ್ನೂ ಒಂದು ಗೇಣು ಅಗಲ ಮಾಡಬೇಕಿತ್ತು ನೋಡು" ಎಂದಳು.

ಮಾಡಿಕೊಟ್ಟೆ. ಅಳತೆಯ ದಾರ ಹಿಡಿದುಕೊಂಡವನು ಮಾವ. ಅಂದಿನಿಂದ ಆತ ಭಟ್ಟಿಯ ಹತ್ತಿರವೇ ಕೂಡತೊಡಗಿದ. ಅಕ್ಕ ರೊಟ್ಟಿ ಬಡಿದು ಹಚ್ಚುವಳು, ಆತ ಎಡಗೈಯಿಂದ ಕಂಬಿ ಹಾಕಿ ತೆಗೆಯುವನು. ತೊಂಬತ್ತರ ನಂತರ ರಸ್ತೆಯುದ್ದಕ್ಕೂ ಧಾಬಾಗಳು ಬಂದವು. ಅವರು ಅಂಗಡಿ ಮುಚ್ಚಿ ಎಮ್ಮಿಗನೂರಿಗೆ ಹೋದರು. ಬರುತ್ತೇನೆ ಎಂದು ನಾನು ಹೇಳಿದ್ದೆ. ಕೆಲಸ, ಸಂಸಾರ... ಹೋಗಲಾಗಲಿಲ್ಲ.

ಕಳೆದ ವಾರ ಬೈಪಾಸಿನಲ್ಲಿ ಆ ವಾಸನೆ ಬಂದ ಮರುದಿನವೇ ಎಮ್ಮಿಗನೂರಿಗೆ ಹೊರಟೆ. ಊರಲ್ಲಿ ಕೇಳಿಕೊಂಡು ಮನೆ ಹುಡುಕಿದೆ. ಮಾವ ಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದ. ಗುರುತು ಹಿಡಿಯಲು ತುಸು ಹೊತ್ತಾಯಿತು.

"ಬಾ, ಕುಂದ್ರು" ಎಂದ. "ಹ್ವಾದ ಬ್ಯಾಸಿಗ್ಯಾಗ ಹೋಗಿಬಿಟ್ಲು ನಿಮ್ಮಕ್ಕ. ನಿನಗ ಹೇಳ್ಬೇಕಿತ್ತು. ಎಲ್ಲಿ ಅದಿ ಅಂತ ಗೊತ್ತಾಗ್ಲಿಲ್ಲ."

ಊಟ ಮಾಡಿಸಿದ. ಭತ್ತದ ನಾಟಿ, ಸಕ್ಕರೆ ಕಾಯಿಲೆ, ನನ್ನ ಮೊಮ್ಮಕ್ಕಳು, ಇವನ್ನೇ ಮಾತಾಡಿದೆವು. ಸಂಜೆಯಾದಾಗ ಬಸ್ ನಿಲ್ಲುವಲ್ಲಿಗೆ ಜೊತೆಗೆ ಬಂದ. ಇಬ್ಬರೂ ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕುಳಿತೆವು. ಅಲ್ಲಿ ಆತನ ಕಣ್ಣು ತುಂಬಿದವು. ಹೊಸಪೇಟೆಯ ಬಸ್ಸು ಬಂತು, ಕಂಡಕ್ಟರ್ ಕೂಗಿದ.

"ಹತ್ತು, ಕಡೇ ಬಸ್ಸು" ಎಂದ ಮಾವ.

"ನಾಳಿ ಹೋಗ್ತೀನಿ ಬಿಡ್ರಿ" ಎಂದೆ. ಬಸ್ಸು ಹೋಯಿತು. ನಾವು ಕುಳಿತೇ ಇದ್ದೆವು.