ಒಂದೂರಿಗೆ ಎರಡು ಹೆಸರು

ಅನುಮಾನ ನನಗೆ ಹುಟ್ಟುಗುಣ. ಮೀನಿನವಳು ತೂಕ ಹಾಕುವಾಗ ನಾನು ತಕ್ಕಡಿ ನೋಡುವುದಿಲ್ಲ, ಅವಳ ಹೆಬ್ಬೆರಳು ನೋಡುತ್ತೇನೆ. ಹಾಗಾಗಿ ಸಫಾರಿ ಸೂಟಿನ ಆ ಮನುಷ್ಯ ಸಾಗರದ ನಮ್ಮ ರೇಡಿಯೊ ರಿಪೇರಿ ಅಂಗಡಿಗೆ ಬಂದು, ಕೂರಿ ಎನ್ನುವ ಮೊದಲೇ ಕೂತಾಗ, ಇದು ಸರಿಯಿಲ್ಲ ಎಂದು ನನಗೆ ಅನ್ನಿಸಿಬಿಟ್ಟಿತು. ಆಗಷ್ಟೇ ಬೆಂಗಳೂರಿನಿಂದ ಬಂದಿಳಿದೆ ಅಂದ. ಬೂಟಿಗೆ ಮೆತ್ತಿದ್ದ ಮಣ್ಣು ಮಾತ್ರ ನಮ್ಮ ಕಡೆಯದು, ಅದೂ ಒಣಗಿ ಬಿರುಕು ಬಿಟ್ಟಿತ್ತು.

ಎಂಬತ್ತರ ದಶಕದ ಕೊನೆ ಅದು. ನನ್ನ ಗಂಡ ರೇಡಿಯೊ ಬಿಚ್ಚಿ ಬಿಚ್ಚಿ ಚಿಪ್‌ಗಳ ಹುಚ್ಚು ಹತ್ತಿಸಿಕೊಂಡು, ಕೆಂಪು ದೀಪಗಳಲ್ಲಿ ಕನ್ನಡ ಅಕ್ಷರ ಮೂಡಿಸುವ ಬೋರ್ಡು ಮಾಡಿದ್ದರು. ಬಸ್ಸಿನ ಮಾಲೀಕರೊಬ್ಬರು ನೋಡಿ ಮೆಚ್ಚಿ ಎರಡು ತರದ ಬೋರ್ಡು ಕೇಳಿದ್ದರು. ರಿಪ್ಪನ್‌ಪೇಟೆಯ ನಿಲ್ದಾಣಕ್ಕೆ ಉದ್ದನೆಯದೊಂದು, ತಮ್ಮ ಎಲ್ಲ ಬಸ್ಸುಗಳ ಹಣೆಗೂ ಗಿಡ್ಡದೊಂದೊಂದು. ಇದು ಕೈ ಹಿಡಿದರೆ ಮಂದಿಯ ಹಳೇ ರೇಡಿಯೊ ರಿಪೇರಿ ಮಾಡುವುದು ತಪ್ಪಿ, ನಾವೇ ಬೋರ್ಡು ತಯಾರಿಸುವವರು ಆಗುತ್ತಿದ್ದೆವು.

ತೊಡಕಾದದ್ದು ಗಿಡ್ಡ ಬೋರ್ಡಿನಲ್ಲಿ. 'ತೀರ್ಥಹಳ್ಳಿ' ಅದರಲ್ಲಿ ಹಿಡಿಸಲೊಲ್ಲದು. ಇವರು ವಾರವಿಡೀ ತಲೆ ಕೆರೆದುಕೊಂಡರು. ಕೊನೆಗೆ ನಾನು ಅಕ್ಕಿ ಆರಿಸುತ್ತಾ ಅಂದೆ: "ಕಂಡಕ್ಟ್ರು 'ತೀರ್ಥಳ್ಳಿ, ತೀರ್ಥಳ್ಳಿ' ಅಂತ ಕೂಗ್ತಾನೆ. ಯಾರಾದ್ರೂ ಬಸ್ ತಪ್ಪಿಸ್ಕಂಡಿದಾರಾ? ತೊಟ್ಲಲ್ಲಿ ಇಟ್ಟ ಹೆಸ್ರು ಒಂದು, ಕರಿಯೋ ಹೆಸ್ರು ಒಂದು. ಎರಡೂ ಬರ್ದಿಡಿ."

ಬೋರ್ಡಿನೊಳಗೆ ಊರುಗಳ ವಿವರ ತುಂಬಿದ ಚಿಪ್ ಇತ್ತು, ಅದರ ಮೊದಲಲ್ಲಿ ಒಂದು ಪಟ್ಟಿ ಇರುತ್ತಿತ್ತು. ಪುಸ್ತಕದ ಪರಿವಿಡಿ ಇದ್ದಂತೆ, ಯಾವ ಊರಿನ ದಾರಿ, ವೇಳೆಗಳ ವಿವರ ಒಳಗೆ ಎಲ್ಲಿದೆ ಎಂದು ಅದು ಹೇಳುತ್ತಿತ್ತು. ಅದರಲ್ಲಿ ಪ್ರತಿ ಊರಿಗೂ ಉದ್ದ ಹೆಸರು, ಗಿಡ್ಡ ಹೆಸರು ಎರಡನ್ನೂ ಇಟ್ಟೆವು. ಎರಡೂ ತೋರಿಸುವುದು ಒಂದೇ ಜಾಗವನ್ನು. ಉದ್ದ ಬೋರ್ಡು ಒಂದನ್ನು ಆರಿಸಿಕೊಂಡರೆ ಗಿಡ್ಡದು ಇನ್ನೊಂದನ್ನು. ಹೆಸರುಗಳನ್ನು ಕತ್ತರಿಸಿದವಳು ನಾನೇ. ಹೊಸನಗರ 'ಹೊಸ್ನಗ್ರ' ಆಯಿತು. ಆನಂದಪುರದಲ್ಲಿ ಒಂದು ಅಕ್ಷರ ಇನ್ನೊಂದರ ಕಾಲಡಿ ಸೇರಿ 'ಆನಂದ್ಪುರ' ಉಳಿಯಿತು. ನಿಟ್ಟೂರಿನಲ್ಲಿ ಕತ್ತರಿಸಲು ಏನೂ ಇರಲಿಲ್ಲ. ಗಿಡ್ಡ ಬೋರ್ಡಿನಲ್ಲಿ 'ತೀರ್ಥಳ್ಳಿ' ಮೊದಲ ಸಲ ಹೊತ್ತಿಕೊಂಡಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಸಫಾರಿಯವನು ಬಂದದ್ದು ಆ ಬೋರ್ಡಿಗಾಗಿ. "ಇದು ಪೇಟೆಂಟ್ ಆಗಿದೆ," ಅಂದ. ನಮ್ಮಲ್ಲಿ ಆಗ ಪೇಟೆಂಟ್ ಎಂದರೆ ಅಂಗಡಿಯಲ್ಲಿ ಸಿಗುವ ಬಾಟಲಿ ಔಷಧಿ.

"ಎಂತಕ್ಕೆ, ಕೆಮ್ಮಿಗಾ?" ಎಂದೆ.

ಅವನು ನಗಲಿಲ್ಲ. ಒಂದೇ ವಿವರಕ್ಕೆ ಉದ್ದ ಹೆಸರು, ಗಿಡ್ಡ ಹೆಸರು ಎರಡನ್ನೂ ಇಡುವ ವಿಧಾನ ಹೊರದೇಶದ ಕಂಪನಿಯೊಂದರ ಸ್ವತ್ತಂತೆ, ಇವನು ಅದರ ಪ್ರತಿನಿಧಿಯಂತೆ. ಬೋರ್ಡು ಮಾರಿದರೆ ಕೋರ್ಟಿಗೆ ಎಳೆಯುತ್ತಾರಂತೆ. ಕಾಗದ ತೋರಿಸಿ ಅಂದೆ. ಅದು ಹೊರದೇಶದಲ್ಲೇ ಇದೆ ಅಂದ. ಕಂಪನಿಯ ಹೆಸರು ಕೇಳಿದೆ, ಉದ್ದಕ್ಕೆ ಏನೋ ಹೇಳಿದ. ಇನ್ನೊಮ್ಮೆ ಕೇಳಿದಾಗ ಮೂರೇ ಅಕ್ಷರ ಹೇಳಿದ.

"ನೋಡಿ, ನಿಮ್ಮ ಕಂಪನಿಗೂ ಎರಡು ಹೆಸ್ರು! ಯಾರನ್ನ ಕೇಳಿ ಇಟ್ಕಂಡ್ರಿ?" ಎಂದೆ.

ಅವನು ಪಕ್ಕದಲ್ಲಿ ಕೂತಿದ್ದ ಇವರ ಕಡೆ ತಿರುಗಿದ. "ಇದು ನಿಮಗೆ ಎಲ್ಲಿಂದ ಬಂತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಕದಿಯದೆಯೂ ಮುಟ್ಟಿ ನೋಡಿಕೊಳ್ಳುವವರು ನನ್ನ ಗಂಡ. ಎದ್ದು ನಿಂತರು. "ನಮ್ದಲ್ಲ ಸಾರ್ ಇದು. ಯಾವ್ದೋ ಪುಸ್ತಕದಲ್ಲಿ ನೋಡಿದ್ದು. ಗಿಡ್ಡ ಹೆಸ್ರೆಲ್ಲ ಇವತ್ತೇ ತೆಗ್ದುಬಿಡ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಅವನಿಗೆಂದು ತರಿಸಿದ್ದ ಕಾಫಿಯನ್ನು ಅವನೆದುರೇ ನಾನು ಕುಡಿದೆ.

ಗಿಡ್ಡ ಹೆಸರುಗಳು ಹೋದವು. ಗಿಡ್ಡ ಬೋರ್ಡು 'ತೀರ್ಥಹ' ಎಂದು ತೋರಿಸಿ ಸುಮ್ಮನಾಗುತ್ತಿತ್ತು. ಮಾಲೀಕರು ಉದ್ದದ್ದೊಂದನ್ನು ಒಯ್ದು, ಬಸ್ಸುಗಳಿಗೆ ಬಣ್ಣದಲ್ಲಿ ಬರೆಸಿದ ಹಲಗೆಯೇ ಸಾಕು ಅಂದರು. ಇವರು ಮತ್ತೆ ರೇಡಿಯೊ ರಿಪೇರಿಗೆ ಕೂತರು. ಆ ಮನುಷ್ಯ ಇನ್ನೊಮ್ಮೆ ಬರಲಿಲ್ಲ, ಕೋರ್ಟಿನಿಂದಲೂ ಏನೂ ಬರಲಿಲ್ಲ. ಅವನು ಯಾರು, ಯಾರು ಕಳಿಸಿದ್ದು ಎಂದು ನಾನು ಸಿಕ್ಕಸಿಕ್ಕವರನ್ನು ಕೇಳಿದೆ. ಎದುರಿನ ವಾಚ್ ಅಂಗಡಿಯವರ ಮೇಲೂ ಸ್ವಲ್ಪ ದಿನ ಗುಮಾನಿಯಿತ್ತು.

ಒಂದು ಬೆಳಿಗ್ಗೆ ಅಂಗಡಿಯಲ್ಲಿ ತಡೆಯಲಾರದೆ ಕೇಳಿಬಿಟ್ಟೆ: "ಅಲ್ಲಾ, ಅಷ್ಟು ಬೇಗ 'ನಮ್ದಲ್ಲ' ಅಂದ್ರಲ್ಲ, ನಿಮಗೆ ಬಾಯಾದ್ರೂ ಹೆಂಗೆ ಬಂತು?"

ಅವರು ಬಿಚ್ಚಿಟ್ಟ ರೇಡಿಯೊದಿಂದ ತಲೆ ಎತ್ತಲಿಲ್ಲ. "ಎರಡು ಹೆಸ್ರು ಇಡೋದು ನೀನು ಹೇಳಿದ್ದಲ್ವನೇ? ನಂದಾಗಿದ್ರೆ ಬಿಡ್ತಿದ್ನಾ?"

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹಾಗೆ ಹೇಳಿದ್ದಾಗಿದ್ದರೆ ಜಗಳವಾಡಿ ಮರೆಯಬಹುದಿತ್ತು. ಆಮೇಲೆ ಆ ಅಂಗಡಿಯಲ್ಲಿ ನನಗೆ ಏನೇ ಹೊಳೆದರೂ ಅವರಿಗೆ ಹೇಳಲಿಲ್ಲ.