ರೈಲು ಬಿಡುವವರ ಸಂಘ

ಪ್ರತಿ ಭಾನುವಾರ ಬೆಳಿಗ್ಗೆ ನಾನು ರೈಲು ಬಿಡಲು ಹೋಗುತ್ತೇನೆ. ಈ ಮಾತನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಿದರೆ ಯಾರೂ ನಗುವುದಿಲ್ಲ. ಕನ್ನಡದಲ್ಲಿ ಹೇಳಿದರೆ ಮಾತ್ರ ಕೇಳಿದವರ ತುಟಿ ಒಂದು ಬದಿಗೆ ಸರಿಯುತ್ತದೆ. ಮೊದಲ ಸಲ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ನನ್ನ ಹೆಂಡತಿ ಸುಮತಿ, "ಎಲ್ಲಿಗೆ ಹೊರಟದ್ದು?" ಎಂದು ಕೇಳಿದಳು.

"ರೈಲು ಬಿಡ್ಲಿಕ್ಕೆ."

"ಅದಕ್ಕೆ ಹೊರಗೆ ಯಾಕೆ ಹೋಗ್ಬೇಕು? ಇಷ್ಟು ವರ್ಷ ಮನೆಯಲ್ಲೇ ಬಿಡ್ತಿದ್ರಲ್ಲ" ಎಂದು ಅವಳು ಒಳಗೆ ಹೋದಳು.

ಸುಳ್ಳು ಹೇಳುವುದಕ್ಕೆ ನಮ್ಮ ಭಾಷೆಯಲ್ಲಿ ರೈಲು ಬಿಡುವುದು ಎಂಬ ಮಾತು ಹೇಗೆ ಬಂತೋ ಪಂಡಿತರೇ ಹೇಳಬೇಕು. ನನ್ನ ಊಹೆ ಇಷ್ಟು. ಆ ಮಾತು ಹುಟ್ಟಿದ್ದು ರೈಲು ಇಲ್ಲದ ಊರಿನಲ್ಲಿ. ಪರವೂರಿಗೆ ಹೋಗಿ ಬಂದ ಯಾರೋ ಒಬ್ಬ, ಮನೆಗಳ ಸಾಲೊಂದು ಕಬ್ಬಿಣದ ಮೇಲೆ ಓಡುವುದನ್ನು ಕಂಡೆ ಎಂದಿರಬೇಕು. ಜಗಲಿಯಲ್ಲಿ ಕೂತವರು ನಂಬಿರಲಿಕ್ಕಿಲ್ಲ. ಹಾಗಾದರೆ ಅದು ನಮ್ಮ ಉಡುಪಿಯ ಕಡೆಯೂ ಆಗಿರಬಹುದು. ಪಾಠಪುಸ್ತಕದಲ್ಲಿ ಉಗಿಬಂಡಿ ಎಂದು ಓದಿದ್ದೇನೋ ನಿಜ, ಆದರೆ ಊರಿಗೆ ಅದು ಬಂದದ್ದು ನಾನು ಬಸ್ಸು ಹತ್ತಿ ಮುಂಬಯಿಗೆ ಬಂದು ಎಷ್ಟೋ ಕಾಲದ ಮೇಲೆ. ನನ್ನ ಬಾಲ್ಯದಲ್ಲಿ ರೈಲು ಎಂದರೆ ಮಂಗಳೂರಿಗೆ ಹೋಗಿ ಬಂದವರು ಬಿಡುವಂಥದ್ದು.

ನಮ್ಮ ಸಂಘ ಡೊಂಬಿವಲಿ ಪೂರ್ವದ ಒಂದು ಹೌಸಿಂಗ್ ಸೊಸೈಟಿಯ ಕೆಳಗಿನ ಉದ್ದನೆಯ ಕೋಣೆಯಲ್ಲಿದೆ. ಪುಟಾಣಿ ರೈಲುಗಳನ್ನು ಅಳತೆಗೆ ಸರಿಯಾಗಿ ಮಾಡಿ ಓಡಿಸುವವರ ಸಂಘ. ಕೋಣೆಯ ತುಂಬ ಪ್ಲೈವುಡ್ಡಿನ ಒಂದು ಮೇಜು, ಅದರ ಮೇಲೆ ಕಲ್ಯಾಣ್‌ನಿಂದ ಥಾಣೆಯವರೆಗಿನ ಹಳಿ. ಹಳೆಯ ಪೇಪರು ನೆನೆಸಿ ಮಾಡಿದ ಮುಂಬ್ರಾದ ಗುಡ್ಡ ಇದೆ, ಗೋಂದಿನಿಂದ ಮಾಡಿದ ಖಾಡಿಯ ಹಿನ್ನೀರಿದೆ. ಥಾಣೆ ದಾಟಿದ ಕೂಡಲೇ ಮೇಜು ಮುಗಿಯುತ್ತದೆ. ರೈಲು ಅಲ್ಲಿ ನೀಲಿ ಪರದೆಯ ಹಿಂದೆ ಹೋಗಿ, ಸುತ್ತು ಹೊಡೆದು, ಏನೂ ಆಗದ ಹಾಗೆ ಮತ್ತೆ ಕಲ್ಯಾಣ್‌ಗೆ ಬಂದು ನಿಲ್ಲುತ್ತದೆ. ಮುಂದಿನ ಸ್ಟೇಷನ್ ಮುಲುಂಡ್‌ಗೂ ಅದರ ಆಚೆಯವಕ್ಕೂ ಜಾಗವಿಲ್ಲ. ಸಂಘದ ಹಿರಿಯರಾದ ಲೇಲೆ ಸರ್‌ಗೆ ಅದರ ಬಗ್ಗೆ ಬೇಸರವೂ ಇಲ್ಲ.

ನಾನು ಸೇರಿದ್ದೇ ತಡ, ಲೇಲೆ ಸರ್ ಲೋಕಲ್ ರೈಲಿನ ಒಂದು ಡಬ್ಬಿ ಮಾಡುವ ಕೆಲಸವನ್ನು ನನಗೆ ಒಪ್ಪಿಸಿದರು. ನಿವೃತ್ತಿಯಾಗುವ ತನಕ ದಿನಾ ಲೋಕಲ್‌ನಲ್ಲಿ ಓಡಾಡಿದ ಮನುಷ್ಯ, ಇವನಿಗಿಂತ ಬಲ್ಲವರು ಯಾರು ಎಂದು ಅವರ ಲೆಕ್ಕ. ಕಿಟಕಿಗೆ ಎಷ್ಟು ಸರಳು ಎಂದು ಕೇಳಿದರು. ಗೊತ್ತಿರಲಿಲ್ಲ. ಬಾಗಿಲ ಮೇಲೆ ಪಟ್ಟಿ ಯಾವ ಬಣ್ಣ ಎಂದು ಕೇಳಿದರು. ಅದೂ ಗೊತ್ತಿರಲಿಲ್ಲ. ನಾನು ರೈಲನ್ನು ಹೊರಗಿನಿಂದ ನೋಡಿದವನೇ ಅಲ್ಲ. ಹತ್ತುವುದು ನನ್ನ ಕೆಲಸವಾಗಿರಲಿಲ್ಲ, ಹಿಂದೆ ನಿಂತವರು ಹತ್ತಿಸುತ್ತಿದ್ದರು. ನನಗೆ ಗೊತ್ತಿದ್ದದ್ದು ಒಳಗಿನ ಒಂದೇ ಒಂದು ಜಾಗ, ನಾಲ್ಕನೇ ಸೀಟು, ಇಲ್ಲಿಯವರ ಬಾಯಲ್ಲಿ ಚೌಥಿ ಸೀಟ್.

ಲೋಕಲ್‌ನ ಬೆಂಚು ಮೂರು ಜನರಿಗೆಂದು ಮಾಡಿದ್ದು. ಅದರಲ್ಲಿ ನಾಲ್ಕು ಜನ ಕೂರುವುದು ನಮ್ಮ ಡೊಂಬಿವಲಿ ಕಡೆಯ ಪದ್ಧತಿ. ನಾಲ್ಕನೆಯವನ ಅರ್ಧ ಮೈ ಬೆಂಚಿನ ಮೇಲೆ, ಉಳಿದರ್ಧ ನಡುದಾರಿಯಲ್ಲಿ ತೂಗುತ್ತಿರುತ್ತದೆ. ಆದರೂ ಅದು ಸೀಟೇ, ಅದಕ್ಕೂ ಗೆಳೆತನ ಬೇಕು. ನನಗೆ ಆ ಗೆಳೆತನ ಕೊಟ್ಟವರು ಘಾಟ್ಕೋಪರ್.

ಇದು ಅವರ ಹೆಸರಲ್ಲ, ಇಳಿಯುವ ಸ್ಟೇಷನ್. ಗಾಡಿಯಲ್ಲಿ ಒಬ್ಬ ಮನುಷ್ಯನ ಬಗ್ಗೆ ಉಳಿದವರಿಗೆ ಬೇಕಾದ ಸಂಗತಿ ಅವನು ಎಲ್ಲಿ ಎದ್ದೇಳುತ್ತಾನೆ ಎನ್ನುವುದೊಂದೇ. ಹಾಗಾಗಿ ಅದೇ ಹೆಸರಾಗುತ್ತದೆ. ನನ್ನನ್ನು ಭಾಯ್ಖಳಾ ಎನ್ನುತ್ತಿದ್ದರು. ಅಲ್ಲಿ ಪ್ರಾಣಿಗಳ ತೋಟವೂ ಇದೆ, ಜೈಲೂ ಇದೆ, ನಾನು ಯಾವುದಕ್ಕೆ ಇಳಿಯುತ್ತೇನೆಂದು ಯಾರೂ ಕೇಳಲಿಲ್ಲ. ಘಾಟ್ಕೋಪರ್ ಗಾಡಿ ಹೊರಡುವ ಕಲ್ಯಾಣ್‌ನಲ್ಲೇ ಹತ್ತುತ್ತಿದ್ದರು. ಡೊಂಬಿವಲಿಯಲ್ಲಿ ನಾನು ಒಳಗೆ ಬಂದು ಬಿದ್ದಾಗ ಪಕ್ಕದವರಿಗೆ "ಥೋಡಾ ಸರಕ್‌ನಾ" ಎಂದು ಹೇಳಿ, ತಾವೂ ಒತ್ತಿಕೊಂಡು, ನನಗೆ ಅರ್ಧ ಸೀಟು ಬಿಡಿಸಿಕೊಡುತ್ತಿದ್ದರು.

ವರ್ಷಗಟ್ಟಲೆ ನಾವಿಬ್ಬರೂ ಹಿಂದಿಯಲ್ಲೇ ಮಾತಾಡಿದೆವು. ಒಂದು ದಿನ ಅವರಿಗೆ ಊರಿನಿಂದ ಫೋನು ಬಂತು. "ಹೂನವ್ವಾ, ಹಬ್ಬಕ್ಕ ಬರತೇನಿ" ಎಂದರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. "ನೀವು ಕನ್ನಡದವ್ರಾ ಮಾರಾಯ್ರೆ?" ಎಂದೆ. "ಅಲ್ರೀ ಭಾಯ್ಖಳಾ, ಇಷ್ಟು ದಿನಾ ಯಾಕ ಹೇಳಲಿಲ್ರೀ?" ಎಂದು ಅವರು ನನ್ನನ್ನೇ ಕೇಳಿದರು. ಆಮೇಲೆ ಒಂದು ವಾರ ಭಾರೀ ಉತ್ಸಾಹದಲ್ಲಿ ಕನ್ನಡ ಆಡಿದೆವು. ಅವರ ಕನ್ನಡ ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವರಿಗೆ ಅಷ್ಟೂ ಇಲ್ಲ. ಮುಂದಿನ ಸೋಮವಾರ ಇಬ್ಬರೂ ಸದ್ದಿಲ್ಲದೆ ಹಿಂದಿಗೆ ಮರಳಿದೆವು.

ಹೆಸರು ಕೇಳಬೇಕಿದ್ದರೆ ಆಗಲೇ ಕೇಳಬೇಕಿತ್ತು. ಗುರುತಾದ ಮೊದಲ ವಾರದಲ್ಲಿ ಹೆಸರು ಕೇಳುವುದು ಸೌಜನ್ಯ. ಎಷ್ಟೋ ವರ್ಷ ತೊಡೆಗೆ ತೊಡೆ ತಾಗಿಸಿ ಕೂತ ಮೇಲೆ ಕೇಳಿದರೆ ಅವಮಾನ. ಫೋನ್ ನಂಬರೂ ತೆಗೆದುಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ಸಿಗುವವರಿಗೆ ಯಾರಾದರೂ ಫೋನು ಮಾಡುತ್ತಾರೆಯೇ? ಆಮೇಲೆ ಆ ಮಾರ್ಚ್ ತಿಂಗಳಲ್ಲಿ ಲಾಕ್‌ಡೌನ್ ಬಂದು ಲೋಕಲ್ ನಿಂತೇ ಹೋಯಿತು. ಹಿಂದಿನ ದಿನ ಅವರು ಎಂದಿನಂತೆ "ಚಲೋ ಭಾಯ್ಖಳಾ" ಎಂದು ಇಳಿದಿದ್ದರು. ಗಾಡಿ ಮತ್ತೆ ಶುರುವಾಗುವ ಹೊತ್ತಿಗೆ ನನ್ನ ನಿವೃತ್ತಿ ಆಗಿತ್ತು. ಆದರೂ ಕೆಲವು ದಿನ ಅದೇ ಹೊತ್ತಿಗೆ ಅದೇ ಡಬ್ಬಿ ಹತ್ತಿ ನೋಡಿದೆ. ಬೆಂಚಿನ ತುಂಬ ಹೊಸ ಮುಖಗಳು. ಘಾಟ್ಕೋಪರ್ ಎಲ್ಲಿ ಎಂದು ಕೇಳಿದೆ. ಇನ್ನೂ ಬಹಳ ದೂರ ಇದೆ ಅಂಕಲ್ ಎಂದರು.

ಹೀಗಾಗಿ ಡಬ್ಬಿ ಮಾಡುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಆ ಒಂದು ಬೆಂಚು. ಉಲ್ಹಾಸನಗರದ ಅಂಗಡಿಯಿಂದ ಹೆಬ್ಬೆರಳ ಉಗುರಿನಷ್ಟು ದೊಡ್ಡ ಬೊಂಬೆಗಳನ್ನು ತಂದು ಬಣ್ಣ ಬಳಿದೆ. ಘಾಟ್ಕೋಪರ್‌ಗೆ ನೀಲಿ ಅಂಗಿ. ಕಲ್ಯಾಣ್‌ನಲ್ಲಿ ಹತ್ತುವವರಲ್ಲವೇ, ಕಿಟಕಿಯ ಪಕ್ಕ ಕೂರಿಸೋಣ ಎಂದು ಚಿಮಟದಲ್ಲಿ ಎತ್ತಿದೆ. ಕೈ ಅಲ್ಲೇ ನಿಂತಿತು. ಅವರು ಎಂದೂ ಕಿಟಕಿಯ ಪಕ್ಕ ಕೂತವರಲ್ಲ, ಯಾವಾಗಲೂ ಮೂರನೆಯ ಜಾಗದಲ್ಲಿ, ನನ್ನ ಮಗ್ಗುಲಲ್ಲಿ. ಖಾಲಿ ಗಾಡಿ ಹತ್ತುವ ಮನುಷ್ಯ ಗಾಳಿ ಬರುವ ಕಿಟಕಿ ಬಿಟ್ಟು ಯಾಕೆ ತುದಿಯಲ್ಲಿ ಕೂರುತ್ತಾನೆ? ಕಿಟಕಿಯ ಪಕ್ಕ ಕೂತವನಿಗೆ ತುದಿಯ ಅರ್ಧ ಸೀಟನ್ನು ಯಾರಿಗೂ ಹಿಡಿದಿಡಲು ಆಗುವುದಿಲ್ಲ, ಅದಕ್ಕೆ. ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲು ಅವರು ಉಗುರಿನಷ್ಟಾಗಬೇಕಾಯಿತು. ಆ ದಿನ ನನಗೆ ಕೆಲಸ ಮುಂದುವರಿಯಲಿಲ್ಲ. ಅಳು ಬಂತು ಎಂದು ಬರೆದರೂ ಸುಳ್ಳಾಗದು.

ನಾಲ್ಕು ಜನರನ್ನು ಕೂರಿಸಿದ ಬೆಂಚು ನೋಡಿ ಲೇಲೆ ಸರ್ ಅಳತೆಪಟ್ಟಿ ತೆಗೆದರು. "ಹೇ ಬಾಕ್ ತಿಘಾಂಚಂ ಆಹೇ" ಎಂದರು, ಈ ಬೆಂಚು ಮೂವರದ್ದು ಎಂದು. "ಚೌಥಿ ಸೀಟ್, ಸರ್" ಎಂದೆ. ಅವರು ಕನ್ನಡಕ ಮೇಲೇರಿಸಿ ನನ್ನನ್ನೇ ನೋಡಿದರು. ಗೊತ್ತಿದ್ದೂ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ ತಿಳಿಯಿತು, ಅವರು ಜೀವಮಾನವಿಡೀ ಡೊಂಬಿವಲಿಯಿಂದ ಅಂಬರನಾಥದ ಕಾರ್ಖಾನೆಗೆ, ಅಂದರೆ ಉಲ್ಟಾ ದಿಕ್ಕಿಗೆ ಹೋದವರು. ಬೆಳಿಗ್ಗೆ ಆ ಕಡೆಯ ಗಾಡಿಯಲ್ಲಿ ಕಾಲು ಚಾಚಿ ಪೇಪರು ಓದಬಹುದು. ಒಂದೇ ಸ್ಟೇಷನ್ನಿನಲ್ಲಿ, ಒಂದೇ ಹೊತ್ತಿಗೆ, ಎದುರುಬದುರು ನಿಂತ ನಾವಿಬ್ಬರೂ ಬೇರೆ ಬೇರೆ ದೇಶದವರು. ನಕ್ಷೆಯಲ್ಲಿ ಇಲ್ಲದ್ದು ಮಾಡೆಲ್‌ನಲ್ಲಿ ಇರಕೂಡದು, ನಾಲ್ಕನೆಯವನನ್ನು ತೆಗೆಯಿರಿ ಎಂದರು. "ಆ ನಾಲ್ಕನೆಯವ ನಾನೇ, ಸರ್" ಎಂದೆ. ಅವರು ಅಳತೆಪಟ್ಟಿ ಜೇಬಿಗಿಟ್ಟು, ಸಂಘದ ಪ್ರದರ್ಶನದಲ್ಲಿ ಜನ ಏನು ಹೇಳುತ್ತಾರೋ ನೋಡೋಣ ಎಂದರು.

ಪ್ರದರ್ಶನ ನಡೆದದ್ದು ಡೊಂಬಿವಲಿಯ ಒಂದು ಶಾಲೆಯ ಸಭಾಂಗಣದಲ್ಲಿ. ನನ್ನೊಳಗೆ ಯಾರಿಗೂ ಹೇಳದ ಒಂದು ಆಸೆಯಿತ್ತು. ಕಲ್ಯಾಣ್ ಏನು ದೂರವೇ? ಮೊಮ್ಮಗನನ್ನು ಕರೆದುಕೊಂಡು ಅವರೂ ಬರಬಹುದು, ಬಗ್ಗಿ ಡಬ್ಬಿಯೊಳಗೆ ನೋಡಬಹುದು. ಆದರೆ ಒಂದು ತೊಂದರೆ ಇತ್ತು. ಮಗ್ಗುಲಲ್ಲಿ ಕೂತವರ ಒಂದು ಕೆನ್ನೆಯಷ್ಟೇ ನನಗೆ ಚೆನ್ನಾಗಿ ಗೊತ್ತು. ಎದುರಿನಿಂದ ಬಂದರೆ ಗುರುತು ಸಿಗದೇ ಹೋದೀತು ಎಂದು ವಯಸ್ಸಾದವರು ಬಂದಾಗಲೆಲ್ಲ ನಾನು ಸುತ್ತಿ ಹೋಗಿ ಪಕ್ಕದಿಂದ ನೋಡುತ್ತಿದ್ದೆ. ಕೆಲವರು ಜೇಬು ಮುಟ್ಟಿ ನೋಡಿಕೊಂಡರು.

ಜನ ತುಂಬಾ ಬಂದರು. ಗುಡ್ಡ, ಖಾಡಿ ಎಲ್ಲವನ್ನೂ ಬಿಟ್ಟು ನನ್ನ ಡಬ್ಬಿಗೆ ಬಗ್ಗಿ, "ಅರೆ, ಚೌಥಿ ಸೀಟ್" ಎಂದು ನಕ್ಕರು. ಒಬ್ಬರು ಹೆಂಡತಿಯನ್ನು ಕರೆದು, ಇಷ್ಟು ವರ್ಷ ತಾವು ಕೂತದ್ದು ಹೇಗೆಂದು ತೋರಿಸಿದರು. ಲೇಲೆ ಸರ್ ಬಂದು "ತುಮಚಂ ಬರೋಬರ್", ನಿಮ್ಮದೇ ಸರಿ, ಎಂದು ಸೋಲೊಪ್ಪಿಕೊಂಡರು. ಗೆದ್ದೆ, ಆದರೆ ನಾನು ಅಲ್ಲಿ ನಿಂತದ್ದು ಅದಕ್ಕಾಗಿ ಅಲ್ಲ. ಘಾಟ್ಕೋಪರ್ ಬರಲಿಲ್ಲ.

ಎಲ್ಲ ಮುಗಿದು ಕುರ್ಚಿಗಳನ್ನು ಮಡಚುವಾಗ ಸುಮತಿ ಬಂದಳು. ಬಗ್ಗಿ ನೋಡಿ, "ಇದ್ರಲ್ಲಿ ನೀವು ಯಾರು?" ಎಂದಳು. ತುದಿಯಲ್ಲಿ ತೂಗುತ್ತಿರುವವನನ್ನು ತೋರಿಸಿದೆ.

"ಕಿಟಕಿ ಹತ್ರ ನೀಲಿ ಅಂಗಿಯವ್ರು?"

"ಘಾಟ್ಕೋಪರ್."

"ಓ, ಅವ್ರು. ಯಾವಾಗ್ಲೂ ಕಿಟಕಿ ಹತ್ರವೇ ಕೂರ್ತಿದ್ದದ್ದಾ?"

"ಹೌದು" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಅವಳಿಗೆ ನನ್ನ ಎರಡೂ ಕೆನ್ನೆ ಗೊತ್ತು. "ರೈಲು ಬಿಡ್ತಿದ್ದೀರಿ" ಎಂದಳು.

"ಸಂಘ ಸೇರಿದ್ದೇ ಅದಕ್ಕಲ್ವಾ" ಎಂದು ಸ್ವಿಚ್ ಒತ್ತಿದೆ. ಗಾಡಿ ಕಲ್ಯಾಣ್ ಬಿಟ್ಟು, ಡೊಂಬಿವಲಿ, ದಿವಾ, ಮುಂಬ್ರಾ ದಾಟಿ ಥಾಣೆಗೆ ಬಂತು. ಪರದೆಯ ಹಿಂದೆ ಹೋಗಿ ತಿರುಗಿ ಬಂದಾಗ ಅವರು ಹಾಗೆಯೇ ಗಾಳಿಗೆ ಮುಖ ಕೊಟ್ಟು ಕೂತಿದ್ದರು. ನಮ್ಮ ಮೇಜಿನ ಮೇಲೆ ಘಾಟ್ಕೋಪರ್ ಸ್ಟೇಷನ್ ಇಲ್ಲ. ಅವರು ಏಳಬೇಕಾಗಿಲ್ಲ.